ಏಳರಿಂದ ಭಾಗಿಸಿದಾಗ ಉಳಿದ ಆರು

ಜೂನ್, ಮಂಗಳವಾರ

ಬರೆಯಲು ಬರುತ್ತಿದೆ. ಅಕ್ಷರಗಳು ಕೈಬಿಟ್ಟಿಲ್ಲ.

ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಹೇಳಿದರು, "ನಿಮ್ಗೆ ಮಾತು ಉಳಿದಿದೆ, ಬರವಣಿಗೆ ಉಳಿದಿದೆ. ಅದನ್ನ ಬಿಡಬೇಡಿ. ಆಗಾಗ ಏನಾದ್ರೂ ಬರೀತಿರಿ, ಯಾರಿಗೂ ತೋರಿಸ್ಬೇಕಾಗಿಲ್ಲ." ಮೆದುಳಿನ ಎಡಗಡೆ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತಂತೆ. ಸಣ್ಣದು, ಸಣ್ಣದು ಎಂದು ಸಮಾಧಾನ ಮಾಡಿದರು. ಹೋದದ್ದು ಮಾತ್ರ ಸಣ್ಣದಲ್ಲ.

ಆದದ್ದಿಷ್ಟು. ಶಾಲೆಯಿಂದ ಬಂದು ಲಿಫ್ಟಿನೊಳಗೆ ನಿಂತೆ. ಗುಂಡಿಗಳ ಮೇಲೆ ಏನೇನೋ ಗೀಚಿತ್ತು. ನಮ್ಮ ಮನೆಯ ಗುಂಡಿ ಯಾವುದೆಂದು ತಿಳಿಯಲಿಲ್ಲ. ಒಂದನ್ನು ಒತ್ತಿದೆ, ಬಾಗಿಲು ತೆರೆದರೆ ಯಾರದೋ ಮನೆಯ ಚಪ್ಪಲಿಗಳು. ಇನ್ನೊಂದನ್ನು ಒತ್ತಿದೆ, ಯಾರದೋ ಸೈಕಲ್ಲು. ಮೇಲೆ ಹೋದೆ, ಕೆಳಗೆ ಬಂದೆ. ಕೊನೆಗೆ ಕಾವಲಿನವನು "ಎಷ್ಟನೇ ಮಹಡಿ ಮೇಡಂ?" ಎಂದು ಕೇಳಿದ. ಆ ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ. "ಎಷ್ಟನೇ" ಅಂದರೆ?

ನಾನು ಹೈಸ್ಕೂಲಿನ ಗಣಿತದ ಟೀಚರು. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ನಗಬೇಕಾದ ಮಾತೇ. ಇನ್ನೊಬ್ಬರ ಮನೆಯಲ್ಲಿ ಆಗಿದ್ದರೆ ನಕ್ಕಿರುತ್ತಿದ್ದೆ.

ಆಸ್ಪತ್ರೆಯಲ್ಲಿ ಕೇಳಿದರು: "ಐದು ದೊಡ್ಡದೋ ಎಂಟು ದೊಡ್ಡದೋ?" ಬರೆದು ತೋರಿಸಿದರು. ಎಂಟರ ಹೊಟ್ಟೆ ಎರಡಾಗಿ ಉಬ್ಬಿತ್ತು, ಅದಕ್ಕೇ ಎಂಟು ಅಂದೆ. ಸರಿಯಾಯಿತು. ಆಮೇಲೆ ಆರು ಮತ್ತು ಒಂಬತ್ತು ಬರೆದರು. ಒಂದೇ ಆಕಾರ, ತಲೆಕೆಳಗು. ನಾನು ಡಾಕ್ಟರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

ಎಷ್ಟು ವರ್ಷದಿಂದ ಪಾಠ ಮಾಡುತ್ತಿದ್ದೇನೆಂದು ಇವರನ್ನು ಕೇಳಿದೆ. "ಇಪ್ಪತ್ತೆರಡು ವರ್ಷ ಆಯ್ತಲ್ಲೇ" ಅಂದರು. ಅದು ತುಂಬಾ ಆಯಿತೋ ಸ್ವಲ್ಪ ಆಯಿತೋ ನನಗೆ ಹೊಳೆಯಲಿಲ್ಲ.

ಶುಕ್ರವಾರ

ಅತ್ತೆಯೂ ನಾನೂ ನೇರ ಮಾತು ಬಿಟ್ಟು ಬಹಳ ಕಾಲವಾಗಿದೆ. ಜಗಳ ಯಾತಕ್ಕೆ ಶುರುವಾಯಿತು ಎನ್ನುವುದು ಇಬ್ಬರಿಗೂ ಮರೆತಿದೆ, ಮಾತು ಬಿಟ್ಟದ್ದು ಮಾತ್ರ ನೆನಪಿದೆ. ಏನಿದ್ದರೂ ನಡುವೆ ಇವರೇ ಟಪಾಲು. ಇವತ್ತೂ ಅಷ್ಟೆ. ನಾನು ಎದುರಿಗೇ ಕೂತಿದ್ದೆ.

"ನಿನ್ ಹೆಂಡ್ತಿಗೆ ಮಾತ್ರೆ ಕೊಟ್ಯೇನೋ?"

"ಕೊಟ್ಟೆ ಅಮ್ಮ."

"ಏನಾಗಿದೆಯಂತೆ ಅವಳ್ಗೆ? ನೋಡೋಕೆ ಕಲ್ಲುಗುಂಡಿನ ಹಾಗಿದಾಳೆ."

"ಲೆಕ್ಕ ಮರ್ತು ಹೋಗಿದೆ ಅಮ್ಮ."

ಅತ್ತೆ ನನ್ನನ್ನು ನೋಡಿದರು. ಏನೋ ಅನ್ನುತ್ತಾರೆ ಎಂದು ಹಲ್ಲುಕಚ್ಚಿ ಕೂತೆ. ಎದ್ದು ಒಳಗೆ ಹೋದರು. ಅಂದುಬಿಟ್ಟಿದ್ದರೆ ವಾಸಿಯಿತ್ತು.

ಭಾನುವಾರ

ಸ್ನಾನ ಮಾಡುವಾಗ ತಾನಾಗಿಯೇ ಬಾಯಿಗೆ ಬಂತು: ಒಂದು ಎಂಟು ಮೂರು ಆರು ಐದು ನಾಲ್ಕು ಏಳು ಎರಡು ಒಂಬತ್ತು ಸೊನ್ನೆ.

ನನ್ನ ಸಂಖ್ಯೆ! ಪ್ರತಿ ವರ್ಷ ಮೊದಲ ದಿನ ಕ್ಲಾಸಿಗೆ ಹೋಗಿ, ಒಂದು ಮಾತೂ ಆಡದೆ ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಇದೇ. ಹತ್ತು ಅಂಕಿಗಳೂ ಒಂದೊಂದು ಸಲ ಬಂದಿವೆ. ಎಡಗಡೆಯಿಂದ ಮೊದಲ ಎರಡು ಅಂಕಿ ಕತ್ತರಿಸಿಕೊಂಡರೆ ಎರಡರಿಂದ ಭಾಗವಾಗುತ್ತದೆ. ಮೊದಲ ಮೂರು ಅಂಕಿ ಮೂರರಿಂದ. ನಾಲ್ಕು ಅಂಕಿ ನಾಲ್ಕರಿಂದ. ಹೀಗೇ ಹತ್ತರವರೆಗೆ, ಎಲ್ಲೂ ಶೇಷ ಉಳಿಯುವುದಿಲ್ಲ. ಹತ್ತು ಅಂಕಿಗಳನ್ನು ಹೇಗೆ ಕಲಸಿ ಹಾಕಿದರೂ ಇಂಥದ್ದು ಇನ್ನೊಂದು ಸಿಗುವುದಿಲ್ಲ. ಇದೊಂದೇ.

ಇದೆಲ್ಲ ಗಿಣಿಪಾಠದ ಹಾಗೆ ಬರೆದೆ. ಬರೆದು ಕೂತು ಓದಿಕೊಂಡೆ. "ಭಾಗವಾಗುತ್ತದೆ" ಎನ್ನುವ ಪದ ಓದಬಲ್ಲೆ. ಅದರೊಳಗೆ ಏನೂ ಇಲ್ಲ. ಹುರುಳಿಲ್ಲದ ಸಿಪ್ಪೆ.

ಶಾಲೆಯಿಂದ ಹೆಡ್‌ಮಿಸ್ ಫೋನು ಮಾಡಿದರು. ಜ್ವರ ಅಂದೆ.

ಜೂನ್ ಇಪ್ಪತ್ತು (ಕ್ಯಾಲೆಂಡರ್ ನೋಡಿ ನಕಲು ಮಾಡಿದ್ದು)

ಲಿಫ್ಟಿಗೆ ಕಾಲಿಡುವುದಿಲ್ಲ. ಮೆಟ್ಟಿಲಲ್ಲೇ ಓಡಾಟ. ಇವರು ದಿನವಿಡೀ ಊರಿನ ಲಿಫ್ಟುಗಳನ್ನೆಲ್ಲ ಸರಿಮಾಡಿ ಬಂದು, ಸಂಜೆ ನನ್ನ ಜೊತೆ ಮೆಟ್ಟಿಲು ಹತ್ತುತ್ತಾರೆ. ಏದುಸಿರು ಬಿಡುತ್ತಾ, "ಕಂಪನಿಯವ್ರು ಯಾರಾದ್ರೂ ನೋಡಿದ್ರೆ ನನ್ ಕೆಲ್ಸ ಹೋಗತ್ತೆ ಕಣೇ" ಅಂದರು.

ನಗು ಬರಲಿಲ್ಲ. ಬರಬೇಕಿತ್ತು.

ಇವತ್ತು ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಸಂಖ್ಯೆಯ ಮೊದಲ ಎರಡು ಅಂಕಿ, ಆ ಹದಿನೆಂಟು ಅಂದರೆ ಯಾವುದು, ನೋಡಬೇಕಿತ್ತು. ಪಕ್ಕ ಹೋಗಿ ಕೂತು ಒಂದೊಂದೇ ಕಾಳು ಎತ್ತಿ ಮಣೆಯ ಮೇಲೆ ಇಡುತ್ತಾ ಬಾಯಲ್ಲಿ ಹೇಳಿಕೊಂಡೆ. ಒಂದು, ಎರಡು, ಮೂರು. ಹದಿನೆಂಟಕ್ಕೆ ನಿಲ್ಲಿಸಿದೆ. ಇದೇನಾ? ಇಷ್ಟೇನಾ? ಇದನ್ನು ಎರಡು ಪಾಲು ಮಾಡುವುದು ಹೇಗೆ? ಕೈ ಮುಂದೆ ಹೋಗಲಿಲ್ಲ.

"ನಂಗೊಂದು, ನಿಂಗೊಂದು ಅಂತ ಹಾಕು" ಅಂದರು ಅತ್ತೆ, ತಲೆ ಎತ್ತದೆ. "ಮಕ್ಳಿಗೆ ಹಂಚೋದು ಹೇಗೆ? ಹಾಗೆ."

ಅವರಿಗೊಂದು, ನನಗೊಂದು. ಕೊನೆಯ ಕಾಳು ನನ್ನ ಪಾಲಿಗೆ ಬಂತು. ಎರಡು ಸಾಲೂ ಪಕ್ಕಪಕ್ಕ ಸಮ ನಿಂತವು. ಯಾವ ಕಾಳೂ ಒಂಟಿಯಾಗಿ ಉಳಿಯಲಿಲ್ಲ. ಇದು ಹೀಗಾಗುತ್ತದೆಂದು ನಾನು ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ನೋಡಿದ್ದು ಇವತ್ತೇ.

ಜುಲೈ ಹನ್ನೊಂದು

ಮೊದಲ ಮೂರು ಅಂಕಿಯ ಸರದಿ. ಅತ್ತೆಗೆ ಹೇಳಿದೆ, ಇವತ್ತು ನೂರ ಎಂಬತ್ತಮೂರು ಕಾಳು ಬೇಕು ಎಂದು.

"ಅಷ್ಟೊಂದಾ? ಮನೇಲಿ ಮೂರು ಜನ ಇರೋದು. ಯಾರಿಗೆ ಅಡುಗೆ ಮಾಡ್ತೀಯ?"

"ಮೂರು ಜನಕ್ಕೇ ಹಂಚೋದು ಅತ್ತೆ. ಸಮ ಬರತ್ತೋ ಇಲ್ವೋ ನೋಡ್ಬೇಕು."

ಮೂರು ತಟ್ಟೆ ಇಟ್ಟು ಹಂಚಿದೆವು. ನಡುವೆ ಒಮ್ಮೆ ನಾನು ಲೆಕ್ಕ ತಪ್ಪಿ ಅತ್ತುಬಿಟ್ಟೆ. ಅತ್ತೆ ಎಲ್ಲವನ್ನೂ ಮತ್ತೆ ಒಂದೇ ಗುಡ್ಡೆ ಮಾಡಿದರು. "ಕಾಳು ಎಲ್ಲಿಗೂ ಓಡಿ ಹೋಗಲ್ಲ. ಮೊದ್ಲಿಂದ ಹಾಕು." ಮೂರು ತಟ್ಟೆಯಲ್ಲೂ ಅರವತ್ತೊಂದು ಬಂತು. ಒಂದು ಕಾಳು ನೆಲಕ್ಕೆ ಬಿದ್ದು ಒಲೆಯ ಕೆಳಗೆ ಉರುಳಿತ್ತು. ಅತ್ತೆ ಪೊರಕೆಯ ಹಿಡಿಯಿಂದ ಎಳೆದು ತಂದುಕೊಟ್ಟರು. ಅದಿಲ್ಲದಿದ್ದರೆ ಕೆಟ್ಟಿತ್ತು.

ಇವರು ಸಂಜೆ ಬಂದವರು, "ಇವತ್ತೂ ಬಟಾಣಿನಾ?" ಅಂದರು. ಅತ್ತೆಯೂ ನಾನೂ ಒಟ್ಟಿಗೇ "ಹೂಂ" ಅಂದೆವು.

ಜುಲೈ 29, ಮಂಗಳವಾರ

ಮಗ್ಗಿ ಉಳಿದಿದೆ! ನಾಲ್ಕೊಂದ್ಲಿ ನಾಲ್ಕು, ನಾಲ್ಕೆರಡ್ಲಿ ಎಂಟು. ಹಾಡು ಉಳಿಯುವ ಹಾಗೆ ಬಾಯಲ್ಲಿ ಉಳಿದಿದೆ. ತಲೆಗೆ ತಿಳಿಯದಿದ್ದರೂ ನಾಲಿಗೆಗೆ ತಿಳಿದಿದೆ. ನಾಲಿಗೆಯನ್ನು ಹಿಡಿದುಕೊಂಡು ಭಾಗಾಕಾರ ಮಾಡಿದೆ. ಮೊದಲ ನಾಲ್ಕು ಅಂಕಿ, 1836. ನಾಲ್ಕರಿಂದ ಭಾಗಿಸಿದರೆ 459, ಶೇಷ ಇಲ್ಲ. ಬೆಳಗ್ಗೆ ಶುರು ಮಾಡಿದ್ದು, ಊಟದ ಹೊತ್ತಿಗೆ ಮುಗಿಯಿತು. ಮೊದಲ ಐದು ಅಂಕಿಗೆ ಕಷ್ಟವಿಲ್ಲ, ಕೊನೆಗೆ ಐದಿದೆ.

ಹೆಡ್‌ಮಿಸ್ ಮತ್ತೆ ಫೋನು ಮಾಡಿ, "ಎಂಥಾ ಜ್ವರ ರೀ ಇದು?" ಅಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡು, "ಅದು ಜ್ವರ ಅಲ್ಲ, ತಲೆಗೆ ಪೆಟ್ಟಾಗಿದೆ. ಡಾಕ್ಟರ್ ಕಾಗದ ಕಳಿಸ್ತೀವಿ, ಅಲ್ಲೀವರ್ಗೂ ಸುಮ್ನಿರಿ" ಎಂದು ಇಟ್ಟೇಬಿಟ್ಟರು. ಇನ್ನು ಎಲ್ಲರಿಗೂ ಗೊತ್ತಾಗುತ್ತದೆ.

ಆಗಸ್ಟ್ 9, ಶನಿವಾರ

ಏನೋ ಭಯಂಕರ ತಪ್ಪಾಗಿದೆ.

ಆರು ಅಂಕಿ ಮೊನ್ನೆಯೇ ಸರಿಯಾಗಿತ್ತು. ಇವತ್ತು ಏಳು. 1836547ನ್ನು ಏಳರಿಂದ ಭಾಗಿಸಬೇಕು. ಏಳಕ್ಕೆ ಅಡ್ಡದಾರಿಯಿಲ್ಲ, ಅಂಕಿ ಕೂಡಿಸಿ ನೋಡಿದರೆ ಆಗುವುದಿಲ್ಲ, ಕೊನೆ ನೋಡಿದರೆ ಆಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಲೇಬೇಕು. ಇಳಿದೆ. ಕೊನೆಗೆ ಇಪ್ಪತ್ತೇಳು ಬಂತು. ಏಳ್ಮೂರ್ಲಿ ಇಪ್ಪತ್ತೊಂದು. ಆರು ಉಳಿಯಿತು.

ಉಳಿಯಬಾರದು. ಏನೂ ಉಳಿಯಬಾರದು.

ಹಾಳೆ ಹರಿದು ಹೊಸದರಲ್ಲಿ ಮಾಡಿದೆ. ಆರು. ಮತ್ತೆ ಮಾಡಿದೆ. ಆರು. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮಾಡಿದೆ. ಆರೇ. ಹಾಗಾದರೆ ನನ್ನ ತಲೆ ರಿಪೇರಿಯಾಗಿಲ್ಲ, ಸುಮ್ಮನೆ ನನ್ನನ್ನು ನಂಬಿಸುತ್ತಿತ್ತು. ಇಷ್ಟು ದಿನದ ಬಟಾಣಿ, ಮಗ್ಗಿ, ಎಲ್ಲ ನೀರಲ್ಲಿ ಹೋಮ.

ಇವರು ಬಂದಾಗ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದೆ. ಹಾಳೆ ನೋಡಿದರು. ಮೊಬೈಲು ತೆಗೆದು ಅದೇ ಸಂಖ್ಯೆ ಒತ್ತಿದರು.

"ಎರಡು ಆರು ಎರಡು ಮೂರು ಆರು ಮೂರು, ಆಮೇಲೆ ಚುಕ್ಕಿ, ಎಂಟು ಐದು ಏಳು... ನಿನ್ ಹಾಳೇಲಿ ಇರೋದೂ ಅದೇ ಅಲ್ವೇನೇ? ಚುಕ್ಕಿ ಹಿಂದಿಂದು?"

ಅದೇ. ಅಕ್ಷರಶಃ ಅದೇ.

"ನೀನು ಸರಿಯಾಗೇ ಮಾಡಿದೀಯ!" ಇವರು ಅಡುಗೆಮನೆಯ ಕಡೆ ತಿರುಗಿದರು. "ಅಮ್ಮಾ, ಇಲ್ ಬಾ! ಏಳಂಕಿ ಲೆಕ್ಕ, ಯಾರನ್ನೂ ಕೇಳ್ದೆ ಮಾಡಿದಾಳೆ!"

ಇವರಿಗೆ ವಿಷಯವೇ ತಲೆಗೆ ಹೋಗುವುದಿಲ್ಲ. ನನ್ನ ಭಾಗಾಕಾರ ಸರಿಯಾದರೆ ಸಂಖ್ಯೆ ತಪ್ಪು! ಇಪ್ಪತ್ತೆರಡು ವರ್ಷ ಮೊದಲ ದಿನ ಬೋರ್ಡಿನ ಮೇಲೆ ಬರೆದದ್ದು ಸುಳ್ಳು! ಅಥವಾ ನನ್ನ ನೆನಪೇ ಅಂಕಿಗಳನ್ನು ಕದಡಿಬಿಟ್ಟಿದೆ. ಎರಡರಲ್ಲಿ ಯಾವುದಾದರೂ ನನ್ನ ಕಾಲ ಕೆಳಗಿನ ನೆಲ ಹೋದ ಹಾಗೆ. ಇವರು ಸಿಹಿ ತರಲು ಅಂಗಡಿಗೆ ಹೊರಟರು.

"ಫೋನಲ್ಲಿ ಹುಡುಕಿದ್ರೆ ಸರಿ ಸಂಖ್ಯೆ ಸಿಗತ್ತಲ್ವಾ?" ಅಂದರು ಬಾಗಿಲಲ್ಲಿ.

"ಮುಟ್ಬೇಡಿ!" ಎಂದು ಕಿರುಚಿದೆ.

ಆಗಸ್ಟ್ 10

ಯಾರ ಜೊತೆಯೂ ಮಾತಿಲ್ಲ. ಆರು. ಆರು. ಆರು.

ಆಗಸ್ಟ್ 17, ಭಾನುವಾರ

ನೆನಪನ್ನು ನಂಬುವುದಿಲ್ಲ. ನೆನಪಿಲ್ಲದೆ ಕಟ್ಟಬೇಕು. ನಿಯಮ ಗೊತ್ತಿದೆಯಲ್ಲ, ಸಂಖ್ಯೆ ಅದರಿಂದಲೇ ಹೊರಗೆ ಬರಬೇಕು.

ಹತ್ತನೆಯದು ಸೊನ್ನೆಯೇ, ಹತ್ತರಿಂದ ಭಾಗವಾಗಬೇಕಲ್ಲ. ಐದನೆಯದು ಐದು, ಸೊನ್ನೆ ಮುಗಿದಿದೆ. ಎರಡನೆಯ, ನಾಲ್ಕನೆಯ, ಆರನೆಯ, ಎಂಟನೆಯ ಜಾಗಗಳಲ್ಲಿ ಸಮ ಅಂಕಿಗಳೇ ಕೂರಬೇಕು. ಆಗ ಉಳಿದ ಜಾಗಗಳಿಗೆ ಬೆಸ. ಇದನ್ನು ಅತ್ತೆಗೆ ಹೇಳಿದೆ, ಜೋರಾಗಿ ಹೇಳಿಕೊಂಡರೆ ಎಳೆ ಕೈತಪ್ಪುವುದಿಲ್ಲ.

"ಮದ್ವೆ ಊಟಕ್ಕೆ ಕೂರಿಸೋ ಹಾಗೆ" ಅಂದರು. "ಇವ್ರ ಪಕ್ಕ ಅವ್ರು ಆಗಲ್ಲ, ಅವ್ರ ಪಕ್ಕ ಇವ್ರು ಆಗಲ್ಲ."

"ಹಾಗೇ ಅತ್ತೆ. ನಾಲ್ಕನೇ ಕುರ್ಚೀಲಿ ಎರಡು, ಇಲ್ಲಾ ಆರು. ಬೇರೆಯವರು ಕೂತ್ರೆ ನಾಲ್ಕು ಒಪ್ಪಲ್ಲ. ಎಂಟನೇ ಕುರ್ಚಿಗೂ ಅವರಿಬ್ಬರೇ. ಅಂದ್ರೆ ನಾಲ್ಕೂ ಎಂಟೂ ಉಳಿದೆರಡು ಕುರ್ಚಿಗೆ ಹೋಗ್ಬೇಕು."

"ಮತ್ತೆ ಆ ಏಳು?"

"ಏಳನ್ನ ಕೊನೇಲಿ ಕೇಳೋದು. ಅದು ಯಾರ ಮಾತೂ ಕೇಳಲ್ಲ."

"ನಿನ್ ಹಾಗೆ" ಅಂದರು.

ನಡುವಿನ ಮೂರು ಅಂಕಿ ಒಂದೋ 258, ಇಲ್ಲವೇ 654. ಮೂರನೆಯ ದಾರಿಯಿಲ್ಲ. ಇದನ್ನು ಸಾಧಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ಚಹಾ ಆರಿಹೋಯಿತು. ಅತ್ತೆ ಮತ್ತೆ ಬಿಸಿ ಮಾಡಿ ತಂದರು, ಅದೂ ಆರಿತು.

ಆಗಸ್ಟ್ 23, ಶನಿವಾರ

ಏಳನ್ನು ಬಿಟ್ಟು ಮಿಕ್ಕ ಎಲ್ಲ ನಿಯಮ ಪಾಲಿಸುವ ಸಂಖ್ಯೆಗಳು ಹತ್ತೇ. ಲಕ್ಷಗಟ್ಟಲೆ ಜೋಡಣೆಗಳಲ್ಲಿ ಹತ್ತು! ಒಂದೊಂದನ್ನೇ ಏಳರ ಮುಂದೆ ನಿಲ್ಲಿಸಿದೆ. ನನ್ನ 1836547ಕ್ಕೆ ಆರು ಉಳಿಯುವುದು ಗೊತ್ತೇ ಇತ್ತು. ಇನ್ನೊಂದು ಮುಗ್ಗರಿಸಿತು. ಮತ್ತೊಂದು. ಒಂಬತ್ತು ಹೀಗೇ ಬಿದ್ದವು. ಇದೂ ಬಿದ್ದರೆ ಅಂಥ ಸಂಖ್ಯೆಯೇ ಇಲ್ಲ, ನಾನು ಇಡೀ ಬದುಕು ಇಲ್ಲದ್ದನ್ನು ಪಾಠ ಮಾಡಿದೆ ಎಂದಾಯಿತು.

ಕೊನೆಯದು: 3816547.

ಮೂವತ್ತೆಂಟರಲ್ಲಿ ಏಳೈದ್ಲಿ ಮೂವತ್ತೈದು, ಮೂರು ಉಳಿಯಿತು. ಮೂವತ್ತೊಂದು. ಮೂವತ್ತಾರು. ಹದಿನೈದು. ಹದಿನಾಲ್ಕು. ಹದಿನಾಲ್ಕರಲ್ಲಿ ಪೂರ್ತಿ ಹೋಯಿತು. ಇಳಿಸಲು ಉಳಿದದ್ದು ಒಂದೇ ಅಂಕಿ, ಅದು ಏಳೇ. 545221. ಶೇಷ ಸೊನ್ನೆ.

3816547290.

ಮೂರು ಎಂಟು ಒಂದು ಆರು ಐದು ನಾಲ್ಕು ಏಳು ಎರಡು ಒಂಬತ್ತು ಸೊನ್ನೆ! ಬಾಯಲ್ಲಿ ಹೇಳಿದೊಡನೆ ಗುರುತು ಸಿಕ್ಕಿತು, ಬೀದಿಯಲ್ಲಿ ಹಳೆಯ ಗೆಳತಿ ಎದುರಾದ ಹಾಗೆ. ಒಂದೂ ಮೂರೂ ನನ್ನ ತಲೆಯೊಳಗೆ ಜಾಗ ಬದಲಿಸಿಕೊಂಡಿದ್ದವು. ಎರಡೇ ಅಂಕಿ. ಅಂಥ ಅದಲುಬದಲು ಎರಡರಿಂದ ಆರರವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ, ಎಂಟು ಒಂಬತ್ತು ಹತ್ತರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಿಡಿದದ್ದು ಏಳು ಮಾತ್ರ. ನಾನು ಆ ಏಳನ್ನು ಎರಡು ವಾರ ಶಪಿಸಿದ್ದೆ.

ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಉದ್ದಕ್ಕೆ ಹಿಡಿದು ನೋಡಿದರು. "ಏನೂ ಉಳೀಲಿಲ್ವಾ?"

"ಏನೂ ಉಳೀಲಿಲ್ಲ ಅತ್ತೆ."

ಮಗನ ಎದುರಿಗೆ ಎಂದೂ ಕಣ್ಣೊರೆಸಿಕೊಂಡವರಲ್ಲ. ಕನ್ನಡಕದಲ್ಲಿ ಧೂಳು ಅಂದರು.

ಸೆಪ್ಟೆಂಬರ್ 9, ಮಂಗಳವಾರ

ವೈದ್ಯರ ಮಂಡಳಿಯ ಮುಂದೆ ಹೋಗಿ ಬಂದೆ. ಶಾಲೆಗೆ ಮರಳಬಹುದೋ ಇಲ್ಲವೋ ಹೇಳುವವರು ಅವರು. ಉದ್ದ ಮೇಜು, ಆಚೆ ಮೂವರು, ಈಚೆ ನಾನು. ಪರದೆಯ ಮೇಲೆ ಚುಕ್ಕಿಗಳ ಎರಡು ಗುಂಪು ಮಿಂಚಿ ಮಾಯವಾಗುತ್ತಿದ್ದವು. ಯಾವುದು ಹೆಚ್ಚು, ತಕ್ಷಣ ಹೇಳಬೇಕು. ನಾನು ಎಣಿಸಲು ಬಾಯಿ ತೆರೆಯುವಷ್ಟರಲ್ಲಿ ಚುಕ್ಕಿಗಳೇ ಇರುತ್ತಿರಲಿಲ್ಲ.

"ನೂರರಿಂದ ಏಳು ಕಳೀತಾ ಹೋಗಿ."

"ತೊಂಬತ್ತಮೂರು. ಎಂಬತ್ತಾರು..." ಎಪ್ಪತ್ತೊಂಬತ್ತು ಬರಲು ತಡವಾಯಿತು. ಎಪ್ಪತ್ತೆರಡು. ಅರವತ್ನಾಲ್ಕು. "ಅಲ್ಲ, ತಪ್ಪು. ಅರವತ್ತೈದು."

"ತಪ್ಪು ಅಂತ ಹೇಗೆ ಗೊತ್ತಾಯ್ತು?" ಎಂದು ನಡುವಿನವರು ಕೇಳಿದರು.

"ನೂರನ್ನ ಏಳರಿಂದ ಭಾಗಿಸಿದ್ರೆ ಎರಡು ಉಳಿಯತ್ತೆ. ಏಳೇಳೇ ಕಳೀತಾ ಹೋದ್ರೂ ಆ ಎರಡು ಉಳೀತಾನೇ ಇರ್ಬೇಕು. ಅರವತ್ನಾಲ್ಕರಲ್ಲಿ ಒಂದೇ ಉಳಿಯತ್ತೆ."

ಅವರು ಪಕ್ಕದವರ ಮುಖ ನೋಡಿದರು. ಏನೋ ಬರೆದುಕೊಂಡರು. ನನಗೆ ಆಸೆ ಹುಟ್ಟಿತು.

ಒಂದು ಗಂಟೆ ಹೊರಗೆ ಕೂರಿಸಿ ಕರೆದರು. ತಪ್ಪು ಕಡಿಮೆ, ಆದರೆ ವೇಗ ಸಾಲದು, ನಲವತ್ತು ಮಕ್ಕಳ ಮುಂದೆ ಆಗದು, ಈ ವರ್ಷ ಪಾಠ ಬೇಡ, ಮುಂದಿನ ವರ್ಷ ಮತ್ತೆ ಬನ್ನಿ.

ಇವರು ಕೈ ಹಿಡಿದುಕೊಂಡು ಹೊರಗೆ ಕರೆತಂದರು. ಬಿಸಿಲು ಇತ್ತು. ಬಸ್ಸುಗಳು ಓಡಾಡುತ್ತಿದ್ದವು. ನನಗೆ ಏನೂ ಕೇಳಿಸುತ್ತಿರಲಿಲ್ಲ.

ಸೆಪ್ಟೆಂಬರ್ 12

ಹೆಡ್‌ಮಿಸ್ ಮನೆಗೇ ಬಂದಿದ್ದರು. ಚಹಾ ಕುಡಿದು, ಲೋಟ ಕೆಳಗಿಟ್ಟು, ಮತ್ತೆ ಕೈಗೆತ್ತಿಕೊಂಡು ಹೇಳಿದರು: "ಲೈಬ್ರರಿ ಖಾಲಿ ಇದೆ. ಮುಂದಿನ್ ವರ್ಷದ ತನಕ ನೋಡ್ಕೊಳ್ಳಿ. ಸಂಬಳಕ್ಕೇನೂ ತೊಂದ್ರೆ ಇಲ್ಲ."

ಲೈಬ್ರರಿ. ನಾನು. ಪುಸ್ತಕದ ಧೂಳು ಹೊಡೆಯುವುದು.

"ಯೋಚ್ನೆ ಮಾಡಿ ಹೇಳ್ತಾಳೆ" ಅಂದರು ಅತ್ತೆ, ನಾನು ಬಾಯಿಗೆ ಬಂದದ್ದು ಹೇಳಿಬಿಡುವ ಮೊದಲೇ.

ಸೆಪ್ಟೆಂಬರ್ 14, ಭಾನುವಾರ

ಬೆಳಗ್ಗೆ ತಿಂಡಿಯ ಹೊತ್ತಿಗೆ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು, "ಅಲ್ಲ ಕಣೇ, ಅದು ಹತ್ತಕ್ಕೇ ಯಾಕೆ ನಿಲ್ತು?"

"ಯಾವ್ದು?"

"ನಿನ್ ಸಂಖ್ಯೆ. ಸೊನ್ನೆ ಬಂದ್ರೆ ಮುಗೀತಾ? ಮುಂದೆ ಇನ್ನೊಂದ್ ಇಟ್ರೆ ಹನ್ನೊಂದು ಒಪ್ಪಲ್ವಾ?"

ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಅಂಕಿಗಳು ಹತ್ತು, ಹತ್ತೂ ಮುಗಿದವು, ಅಲ್ಲಿಗೆ ಬಾಗಿಲು ಹಾಕಿತು ಎಂದೇ ಇಷ್ಟು ವರ್ಷ ಹೇಳಿದ್ದು. ಬಾಗಿಲು ತಳ್ಳಿ ನೋಡಿದವರಿಲ್ಲ, ನಾನೂ ನೋಡಿಲ್ಲ.

ತಟ್ಟೆ ಸರಿಸಿ ಹಾಳೆ ಎಳೆದುಕೊಂಡೆ. 3816547290ನ್ನು ಹನ್ನೊಂದರಿಂದ ಭಾಗಿಸಿದರೆ ಆರು ಉಳಿಯುತ್ತದೆ. ಆ ಆರರ ಪಕ್ಕದಲ್ಲಿ ಇನ್ನೊಂದು ಆರು ಇಟ್ಟರೆ ಅರವತ್ತಾರು, ಹನ್ನೊಂದಾರ್ಲಿ! 38165472906. ಹೋಯಿತು. ಹನ್ನೆರಡಕ್ಕೆ ಸೊನ್ನೆ ಇಟ್ಟೆ, ಒಪ್ಪಿತು. ಹದಿಮೂರಕ್ಕೆ ಏಳು ಉಳಿಯಿತು, ಎಪ್ಪತ್ತೆಂಟಾಗಲು ಎಂಟು ಬೇಕು, ಇಟ್ಟೆ. ಅದೂ ಒಪ್ಪಿತು. 3816547290608. ಇದು ನಿಲ್ಲುವುದೇ ಇಲ್ಲವೇ?

ಹದಿನಾಲ್ಕರ ಬಳಿ ನಿಂತಿತು. ಹತ್ತು ಉಳಿಯಿತು, ಅದರ ಪಕ್ಕ ಏನಿಟ್ಟರೂ ನೂರರಿಂದ ನೂರ ಒಂಬತ್ತರ ಒಳಗೆ. ಹದಿನಾಲ್ಕರ ಮಗ್ಗಿಯಲ್ಲಿ ತೊಂಬತ್ತೆಂಟಿದೆ, ನೂರ ಹನ್ನೆರಡಿದೆ, ನಡುವೆ ಬರೀ ಬಯಲು. ಒಂದು ಅಂಕಿಗೂ ಕಾಲಿಡಲು ಜಾಗವಿಲ್ಲ.

"ಹದಿಮೂರಕ್ಕೆ ನಿಲ್ತು ಅತ್ತೆ."

"ಅಷ್ಟೇನಾ?" ಅವರ ಮುಖ ಸಪ್ಪಗಾಯಿತು. "ಬೇರೆ ಯಾವ್ದಾದ್ರೂ ಇನ್ನೂ ದೂರ ಹೋಗಬಹುದೇನೋ."

ಹೌದಲ್ಲ. ಹನ್ನೊಂದರಲ್ಲೇ ಆರು ಎರಡನೇ ಸಲ ಬಂದು, ಒಂದೊಂದೇ ಸಲ ಎನ್ನುವ ನಿಯಮ ಮುರಿದಿತ್ತು. ಹೇಗೂ ಮುರಿಯುವುದಾದರೆ ಮೊದಲಿನಿಂದಲೇ ಮುರಿದರೆ? ಬಂದ ಅಂಕಿಯೇ ಮತ್ತೆ ಮತ್ತೆ ಬರಲಿ ಎಂದು ಬಿಟ್ಟರೆ? ಆಗ ಎಷ್ಟು ಉದ್ದದ ಸಂಖ್ಯೆ ಸಿಗಬಹುದು? ಎಲ್ಲಾದರೂ ನಿಲ್ಲಲೇಬೇಕೋ, ನಿಲ್ಲದೆ ಹೋಗುವಂಥದ್ದು ಒಂದಿದೆಯೋ? ನನಗೆ ಗೊತ್ತಿಲ್ಲ. ಮರೆತದ್ದಲ್ಲ, ಮೊದಲಿಂದಲೂ ಗೊತ್ತಿಲ್ಲ.

ಒಂದರಿಂದ ಶುರುವಾಗುವವು ಒಂದು ಕಡೆ, ಎರಡರಿಂದ ಶುರುವಾಗುವವು ಇನ್ನೊಂದು ಕಡೆ, ಹೀಗೆ ಕವಲು ಕವಲಾಗಿ ಬರೆಯಬೇಕು. ಹಾಳೆಗಳನ್ನು ಒಂದಕ್ಕೊಂದು ಅಂಟಿಸಿದೆ. ಊಟದ ಮೇಜು ಆಗಲೇ ಸಾಲುತ್ತಿಲ್ಲ. ತಟ್ಟೆ ಎಲ್ಲಿಡುವುದು ಎಂದು ಇವರು ಗೊಣಗುತ್ತಿದ್ದಾರೆ.

ನಾಳೆ ಬೇಗ ಹೋಗಬೇಕು. ಲೈಬ್ರರಿಯಲ್ಲಿ ಉದ್ದ ಮೇಜಿದೆ.